ಬಿಟ್ಟ ಸ್ಥಳ ತುಂಬಿರಿ

ನಮ್ಮಪ್ಪ ಮೂವತ್ತಾರು ವರ್ಷ ಬೇರೆಯವರಿಗೆ ಪರೀಕ್ಷೆ ಮಾಡಿದವರು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸುತ್ತಮುತ್ತಲ ಸರ್ಕಾರಿ ಹೈಸ್ಕೂಲುಗಳಲ್ಲಿ ಗಣಿತದ ಮೇಷ್ಟ್ರು. ಅದು ಮಾವಿನ ಸೀಮೆ. ರಿಸಲ್ಟೂ ಮಾವೂ ಒಟ್ಟಿಗೇ ಹಣ್ಣಾಗುತ್ತಿದ್ದ ಕಾಲ. ಫೇಲಾದ ಹುಡುಗನ ಮನೆಯಿಂದ ಬುಟ್ಟಿ ಬಂದರೆ ಅಪ್ಪ ಅದನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಪಾಸಾದವನ ಮನೆಯಿಂದ ಬಂದರೆ ಆರೇ ಆರು ಹಣ್ಣು ಎಣಿಸಿಕೊಂಡು ಮಿಕ್ಕಿದ್ದನ್ನು ವಾಪಸ್ಸು ಕಳಿಸುತ್ತಿದ್ದರು. ಹೀಗಾಗಿ ಜಾಣರ ತೋಟದ ಬಾದಾಮಿಯ ರುಚಿ ನಮಗೆ ಗೊತ್ತು; ದಡ್ಡರ ತೋಟದ ರಸಪುರಿ ಹೇಗಿರುತ್ತದೆಂದು ಇವತ್ತಿಗೂ ಗೊತ್ತಿಲ್ಲ.

ಅಂಥವರನ್ನು 2022ರಲ್ಲಿ, ಅವರ ಎಂಬತ್ತೊಂದನೇ ವಯಸ್ಸಿನಲ್ಲಿ, ನಾನು ಪರೀಕ್ಷೆಗೆ ಕೂರಿಸಿದೆ.

ಇದಕ್ಕೆ ಕಾರಣ ಹಾಲಿನವನು. ಅಪ್ಪ ಒಂದೇ ತಿಂಗಳ ದುಡ್ಡನ್ನು ಅವನಿಗೆ ಎರಡು ಸಲ ಕೊಟ್ಟಿದ್ದರು. ಅವನು ಎರಡನೆಯದನ್ನು ತಂದು ನನ್ನ ಕೈಗಿಟ್ಟು, "ಸಾರ್, ದೊಡ್ಡೋರು ಸ್ವಲ್ಪ ಕನ್‌ಫ್ಯೂಸ್ ಆಗವ್ರೆ" ಅಂದ. ಪೇಪರಿನವನಿಗೂ ಹಾಗೇ ಎರಡು ಸಲ ಕೊಟ್ಟಿದ್ದರೋ ಏನೋ, ಅವನು ಮಾತ್ರ ಏನೂ ಹೇಳಲಿಲ್ಲ. ಆಮೇಲೆ ಒಂದು ದಿನ ಅಪ್ಪ ವಾಕಿಂಗ್‌ನಿಂದ ಬರುವಾಗ ನಮ್ಮ ಗೇಟು ದಾಟಿ ಮುಂದಿನ ಕ್ರಾಸಿನವರೆಗೆ ಹೋಗಿ, ಅಲ್ಲಿ ಸೊಪ್ಪು ಮಾರುವವಳನ್ನು "ನಮ್ಮ ಮನೆ ಈ ಕಡೆ ಅಲ್ಲವೇನಮ್ಮ?" ಎಂದು ಕೇಳಿದರಂತೆ. ಅವಳೇ ಕರೆದುಕೊಂಡು ಬಂದಳು. ಬಂದ ಖರ್ಚಿಗೆ ಅಮ್ಮ ನಾಲ್ಕು ಕಟ್ಟು ದಂಟು ಕೊಂಡಳು.

ಡಾಕ್ಟರು ಒಳ್ಳೆಯವರು. ಮೊದಲು ರಕ್ತ ಪರೀಕ್ಷೆಗೆ ಬರೆದರು. ಬಿ12 ಕಮ್ಮಿಯಾದರೆ, ಥೈರಾಯ್ಡ್ ಏರುಪೇರಾದರೆ, ಮನಸ್ಸಿಗೆ ಖಿನ್ನತೆ ಕವಿದರೆ, ಎಲ್ಲದಕ್ಕೂ ಮರೆವಿನದೇ ವೇಷ ಇರುತ್ತದಂತೆ. ಕಿವಿ ತೋರಿಸಿ ಅಂದರು. ಕೇಳಿಸದ ಮಾತು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ಅಪ್ಪನ ಬಿ12 ಕಮ್ಮಿ ಇತ್ತು. ತಲೆತಲಾಂತರದ ಸಸ್ಯಾಹಾರಿಗಳಲ್ಲಿ ಇದು ಸಾಮಾನ್ಯ. ಇಂಜೆಕ್ಷನ್ ಆಯಿತು. ಕಿವಿಗೆ ಮಿಷನ್ನೂ ಬಂತು. ಅದನ್ನು ಅಪ್ಪ ಕಳೆದುಹೋದೀತೆಂದು ಜೋಪಾನವಾಗಿ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇಷ್ಟಾದ ಮೇಲೂ ಸೊಪ್ಪಿನವಳ ಋಣ ತೀರಲಿಲ್ಲ. "ಒಂದು ಸಣ್ಣ ಟೆಸ್ಟ್ ಮಾಡೋಣ" ಅಂದರು ಡಾಕ್ಟರು.

"ಸಿಲಬಸ್ ಏನು?" ಅಂದರು ಅಪ್ಪ.

ಟೆಸ್ಟ್ ಮಾಡುವವಳು ಇಪ್ಪತ್ತೈದರ ಆಸುಪಾಸಿನ ಹುಡುಗಿ. "ತಾತ, ಕೆಲವು ಪ್ರಶ್ನೆ ಕೇಳ್ತೀನಿ, ಕೆಲವು ಸುಲಭ, ಕೆಲವು ಕಷ್ಟ, ಬೇಜಾರು ಮಾಡ್ಕೋಬಾರದು" ಅಂದಳು. ಅಪ್ಪ ಕನ್ನಡಕ ಸರಿಮಾಡಿಕೊಂಡು, "ನನಗೆ ಮೊಮ್ಮಕ್ಕಳು ಮೂರು. ಅವರಲ್ಲಿ ನೀನಿಲ್ಲ. ನನ್ನ ನೆನಪು ಸರಿಯಾಗಿದೆ ಅನ್ನೋದಕ್ಕೆ ಇದೇ ಸಾಕು" ಅಂದರು. ಅವಳು ನಕ್ಕು, ಅಲ್ಲಿಂದಾಚೆಗೆ ಸಾರ್ ಅನ್ನತೊಡಗಿದಳು.

ಒಟ್ಟು ಎರಡು ಪತ್ರಿಕೆ, ಎರಡಕ್ಕೂ 30 ಅಂಕ. ಮೊದಲನೆಯದು ಎಂಎಂಎಸ್‌ಇ, 1975ರಲ್ಲಿ ಅಮೆರಿಕದ ಮನೋವೈದ್ಯ ಮಾರ್ಷಲ್ ಫೋಲ್‌ಸ್ಟೀನ್, ಅವರ ಹೆಂಡತಿ ಸೂಸನ್, ಜೊತೆಗೆ ಪಾಲ್ ಮೆಕ್‌ಹ್ಯೂ ಸೇರಿ ಮಾಡಿದ್ದು. ನಾನು ಇದನ್ನು ಓದಿ ಹೇಳಿದಾಗ ಅಮ್ಮ, "ಗಂಡ ಹೆಂಡತಿ ಸೇರಿ ಮಾಡಿದ್ದಾ? ಅದಕ್ಕೇ ಇಷ್ಟು ಪ್ರಶ್ನೆ" ಅಂದಳು. 24ಕ್ಕಿಂತ ಕೆಳಗಿಳಿದರೆ ಡಾಕ್ಟರು ಹುಬ್ಬು ಗಂಟಿಕ್ಕುತ್ತಾರೆ. ಇನ್ನೊಂದು ಕೆನಡಾದ ಮಾಂಟ್ರಿಯಲ್‌ನ ಜಿಯಾದ್ ನಸ್ರದ್ದೀನ್ ಅವರದು, 2005ರಲ್ಲಿ ಪ್ರಕಟವಾದದ್ದು. ಮೋಕಾ ಎಂದು ಕರೆಯುತ್ತಾರೆ. ಇದು ಸ್ವಲ್ಪ ಬಿಗಿ. ಪಾಸಾಗಲು 26 ಬೇಕು. 2018ರಲ್ಲಿ ಡೊನಾಲ್ಡ್ ಟ್ರಂಪ್ 30ಕ್ಕೆ 30 ತೆಗೆದರೆಂದು ಅವರ ವೈದ್ಯರೇ ಜಗತ್ತಿಗೆ ಸಾರಿದ್ದು ಇದೇ ಪರೀಕ್ಷೆಯಲ್ಲಿ. "ಘೇಂಡಾಮೃಗ ಗುರುತು ಹಿಡಿದಿದ್ದಕ್ಕೆ ರ‍್ಯಾಂಕ್ ಅನೌನ್ಸ್ ಮಾಡ್ತಾರೇನಪ್ಪ" ಎಂದು ಅಪ್ಪ ಕೊನೆಯವರೆಗೂ ನಂಬಲಿಲ್ಲ.

ನೂರರಿಂದ ಏಳೇಳು ಕಳೆಯುತ್ತಾ ಹೋಗಬೇಕು ಅಂದಾಗ ಅಪ್ಪನ ಮುಖ ಅರಳಿತು. 93, 86, 79, 72, 65. ಇಲ್ಲಿಗೆ ಐದು ಅಂಕ ಮುಗಿಯಿತು. "ಸಾಕು ಸಾರ್" ಅಂದಳು ಹುಡುಗಿ. ಅಪ್ಪ ಎಲ್ಲಿ ಬಿಡುತ್ತಾರೆ? 58, 51, 44 ಎಂದು ಗಾಡಿ ಬಿಟ್ಟುಕೊಂಡು ಬಂದು, 9, 2 ಎಂದು ನಿಂತು, "ಇನ್ನೂ ಕಳೆದರೆ ಮೈನಸ್ ಐದು. ಋಣ ಸಂಖ್ಯೆ ನಿಮ್ಮ ಸಿಲಬಸ್ಸಿನಲ್ಲಿ ಇದೆಯೋ?" ಎಂದು ಕೇಳಿದರು. ಹೆಚ್ಚಿಗೆ ಮಾಡಿದ ಲೆಕ್ಕಕ್ಕೆ ಹೆಚ್ಚಿಗೆ ಅಂಕವಿಲ್ಲ ಎಂದು ತಿಳಿದು ಬೇಜಾರಾಯಿತು.

'ಕ'ದಿಂದ ಶುರುವಾಗುವ ಪದಗಳನ್ನು ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಹೇಳಬೇಕಿತ್ತು. "ಕ ಅಂದರೆ ಬರೀ ಕ-ನೋ, ಕಾಗುಣಿತ ಪೂರ್ತಿಯೋ?" ಪೂರ್ತಿ ಬರಬಹುದು ಸಾರ್. "ಒತ್ತಕ್ಷರ?" ಅದೂ ಪರವಾಗಿಲ್ಲ ಸಾರ್. "ಹಾಗಾದರೆ ಕ್ಷ? ಅದು ಕಕಾರಕ್ಕೆ ಷಕಾರ ಸೇರಿದ್ದು, ಆದರೆ ಕೆಲವರು ಅದನ್ನ ಬೇರೆ ಅಕ್ಷರ ಅಂತಾರೆ." ಇಷ್ಟರಲ್ಲಿ ಮುಕ್ಕಾಲು ನಿಮಿಷ ಹೋಗಿತ್ತು. ಉಳಿದ ಕಾಲು ನಿಮಿಷದಲ್ಲಿ ಕರಣಿ, ಕರ್ಣ, ಕೋನ, ಕೈವಾರ ಅಂದರು. ನಾಲ್ಕೂ ಗಣಿತ. ಇಂಗ್ಲಿಷಿನಲ್ಲಿ 'ವರ್ಲ್ಡ್' ಎಂಬ ಪದದ ಅಕ್ಷರಗಳನ್ನು ಹಿಂದಿನಿಂದ ಹೇಳಿಸುವ ಪ್ರಶ್ನೆಯೂ ಇದೆ. ನಮ್ಮ 'ಪ್ರಪಂಚ'ವನ್ನು ಹಾಗೆ ತಿರುಗಿಸಲು ಹೋದರೆ ಸೊನ್ನೆ ಎಲ್ಲಿ ಕೂರಬೇಕು, ಒತ್ತು ಎಲ್ಲಿ ಬೀಳಬೇಕು ಎಂದು ವ್ಯಾಕರಣದ ಜಗಳವೇ ಆದೀತು. ಅಪ್ಪನ ಸಲಹೆ ಸರಳವಾಗಿತ್ತು: "ವಿಕಟಕವಿ ಕೊಡಿ. ಎಲ್ಲರೂ ಪಾಸು."

ತೊಡಕು ಬಂದದ್ದು ಐದು ಪದಗಳಲ್ಲಿ. ಮುಖ, ರೇಷ್ಮೆ, ಗುಡಿ, ಮಲ್ಲಿಗೆ, ಕೆಂಪು. ಹುಡುಗಿ ಎರಡು ಸಲ ಹೇಳಿಸಿ, ಐದು ನಿಮಿಷ ಬೇರೆ ಏನೇನೋ ಕೇಳಿ, "ಈಗ ಆ ಪದಗಳನ್ನು ಹೇಳಿ ಸಾರ್" ಅಂದಳು. ಅಪ್ಪನಿಗೆ 'ಮುಖ' ಬಂತು. 'ಕೆಂಪು' ಬಂತು. ಆಮೇಲೆ ಚಾವಣಿ ನೋಡಿದರು. "ಈ ಐದಕ್ಕೆ ಪರಸ್ಪರ ಸಂಬಂಧ ಏನು? ಸಂಬಂಧ ಇಲ್ಲದ್ದನ್ನ ಯಾಕೆ ನೆನಪಿಟ್ಟುಕೋಬೇಕು?" ಎಂದು ಪ್ರಶ್ನೆಪತ್ರಿಕೆಯ ಮೇಲೇ ತಪ್ಪು ಹೊರಿಸಿದರು.

ಹುಡುಗಿಗೆ ಅಜ್ಜಿಯೂ ಬೇಜಾರಾಗಿ ಕೂತಿದ್ದು ಕಂಡಿತೋ ಏನೋ, "ನಿಮಗೂ ಒಂದ್ಸಲ ಮಾಡೋಣ್ವಾ ಅಜ್ಜಿ?" ಅಂದಳು. ಅಮ್ಮ ಓದಿದ್ದು ಏಳನೇ ಕ್ಲಾಸು. ಸೆರಗು ಸರಿಮಾಡಿಕೊಂಡು ಕೂತಳು. ಘನಾಕೃತಿಯ ಚಿತ್ರ ಬರೆ ಅಂದಾಗ ಒದ್ದಾಡಿದಳು, ಏಳರ ಲೆಕ್ಕದಲ್ಲಿ ಎರಡು ಕಡೆ ಎಡವಿದಳು. ಐದು ಪದ ಕೇಳಿದಾಗ ಮಾತ್ರ ಉಸಿರೂ ತೆಗೆಯದೆ, "ರೇಷ್ಮೆ ಸೀರೆ ಉಟ್ಟು, ಮುಖಕ್ಕೆ ಅರಿಶಿನ ಹಚ್ಚಿ, ಮಲ್ಲಿಗೆ ಮುಡಿದು ಗುಡಿಗೆ ಹೋದೆ. ಕುಂಕುಮ ಕೊಟ್ಟರು. ಕೆಂಪು" ಅಂದಳು. ಆ ಐದು ಪದಗಳಿಗೆ ಸಂಬಂಧವಿಲ್ಲ ಎಂದು ಯಾರಾದರೂ ಹೇಳಿದ್ದರೆ ಅಮ್ಮ ನಂಬುತ್ತಲೇ ಇರಲಿಲ್ಲ.

ಫಲಿತಾಂಶ: ಮೋಕಾದಲ್ಲಿ ಅಪ್ಪನಿಗೆ 24. ಅಮ್ಮನಿಗೂ 24. ಆದರೆ ಹನ್ನೆರಡು ವರ್ಷಕ್ಕಿಂತ ಹೆಚ್ಚು ಓದದವರಿಗೆ ಈ ಪರೀಕ್ಷೆಯಲ್ಲಿ ಒಂದು ಅಂಕ ಸೇರಿಸಿಕೊಡುವ ನಿಯಮವಿದೆ. ಹಾಗಾಗಿ ಅಮ್ಮನಿಗೆ 25. ಮನೆಗೆ ಬರುವ ದಾರಿಯಲ್ಲಿ ಅಪ್ಪ ಒಂದೇ ಮಾತಾಡಿದ್ದು: "ಗ್ರೇಸ್ ಮಾರ್ಕ್ಸಿನದು ಒಂದು ಗೆಲುವಲ್ಲ." ಅಮ್ಮ ಕಿಟಕಿಯ ಕಡೆ ತಿರುಗಿ ನಕ್ಕಳು.

ಇನ್ನೊಂದು ಪತ್ರಿಕೆಯಲ್ಲಿ ಅಪ್ಪನಿಗೆ 26. ಅದರ ಕೊನೆಯ ಭಾಗದಲ್ಲಿ ನಿಮಗೆ ತೋಚಿದ ಒಂದು ವಾಕ್ಯ ಬರೆಯಿರಿ ಎಂದಿರುತ್ತದೆ. ಕರ್ತೃ ಇರಬೇಕು, ಕ್ರಿಯಾಪದ ಇರಬೇಕು, ಅರ್ಥ ಇರಬೇಕು. ಅಷ್ಟಿದ್ದರೆ ಒಂದು ಅಂಕ. ಅಪ್ಪ ಬೋರ್ಡಿನ ಮೇಲೆ ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಬರೆದಿದ್ದರು: 'ಪ್ರಶ್ನೆಗಳು ಸುಲಭವಾಗಿವೆ, ಆದರೆ ಅಂಕಗಳ ಹಂಚಿಕೆ ಸರಿಯಿಲ್ಲ.'

ಆ ರಾತ್ರಿ ನಾನು ಮಲಗದೆ ಈ ವಿಷಯವನ್ನೇ ಓದುತ್ತಾ ಕೂತೆ. ಭಾರತದಲ್ಲಿ ಅರವತ್ತು ದಾಟಿದ ನೂರು ಜನರಲ್ಲಿ ಏಳಕ್ಕಿಂತ ಹೆಚ್ಚು ಮಂದಿಗೆ, ಒಟ್ಟು ಸುಮಾರು 88 ಲಕ್ಷ ಜನಕ್ಕೆ, ಡಿಮೆನ್ಷಿಯಾ ಇದೆ ಎಂಬ ಅಂದಾಜಿದೆ. ಅಷ್ಟು ದೊಡ್ಡ ಸಂಖ್ಯೆ ಓದಿದಾಗ ಏನೂ ಅನ್ನಿಸಲಿಲ್ಲ. ಪಕ್ಕದ ರೂಮಿನಲ್ಲಿ ಅಪ್ಪ ಎದ್ದು, ಲೈಟ್ ಹಾಕಿ, ಯಾಕೆ ಎದ್ದೆ ಎಂದು ಮರೆತು, ಮತ್ತೆ ಆರಿಸಿದ ಸದ್ದಿಗೆ ಮಾತ್ರ ಎದೆ ಧಸಕ್ಕೆಂದಿತು. ಓದುತ್ತಾ ಹೋದಾಗ ಒಂದು ಸಂಗತಿ ನನ್ನನ್ನು ಬಹಳ ಹಿಡಿದಿಟ್ಟಿತು. ತೊಂಬತ್ತರ ದಶಕದಲ್ಲಿ ಹರಿಯಾಣದ ಬಲ್ಲಭಗಡದ ಹಳ್ಳಿಗಳಲ್ಲಿ ಈ ಪರೀಕ್ಷೆ ಮಾಡಲು ಹೋದವರಿಗೆ ಎದುರಾದ ಕಷ್ಟ ಬೇರೆಯಂತೆ. ಅಲ್ಲಿನ ಮುದುಕರಿಗೆ ಓದು ಬರಹವೇ ಇಲ್ಲ. ಓದು ಬಾರದಿರುವುದು ಮರೆವಲ್ಲವಲ್ಲ! ಹಾಗಾಗಿ ಪ್ರಶ್ನೆಗಳನ್ನೇ ಬದಲಿಸಿದರು. ಸ್ಪೆಲಿಂಗ್ ತಿರುಗಿಸುವ ಬದಲು ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿದರು. 'ಕಣ್ಣು ಮುಚ್ಚಿ' ಎಂದು ಬರೆದು ತೋರಿಸುವ ಬದಲು ನನ್ನ ಮುಖ ನೋಡಿ ನಾನು ಮಾಡಿದ ಹಾಗೆ ಮಾಡಿ ಅಂದರು. ವಾಕ್ಯ ಬರೆಸುವ ಜಾಗದಲ್ಲಿ, ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಅಂದರು. ಬೆಳಿಗ್ಗೆ ಇದನ್ನು ಅಮ್ಮನಿಗೆ ಹೇಳಿದೆ. "ಮನೆ ಬಗ್ಗೆನಾ? ಎಷ್ಟು ಹೊತ್ತು ಕೊಡ್ತಾರೆ?" ಅಂದಳು.

ಕನ್ನಡವೂ ಹಿಂದೆ ಬಿದ್ದಿಲ್ಲ. ಐಸಿಎಂಆರ್‌ನವರು ಕನ್ನಡವೂ ಸೇರಿ ಐದು ಭಾಷೆಗಳಲ್ಲಿ ಇಂಥ ಪರೀಕ್ಷೆಗಳ ಒಂದು ಪೆಟ್ಟಿಗೆಯನ್ನೇ ಸಿದ್ಧಮಾಡಿದ್ದಾರೆ. ಇನ್ನು ಅಪ್ಪನ ಸ್ವಂತ ತಾಲ್ಲೂಕು! ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಶ್ರೀನಿವಾಸಪುರದ ಹಳ್ಳಿಗಳಲ್ಲಿ ನಲವತ್ತೈದು ದಾಟಿದ ಹತ್ತು ಸಾವಿರ ಜನರನ್ನು ಗುರಿಯಾಗಿಟ್ಟುಕೊಂಡು, ವರ್ಷಗಟ್ಟಲೆ ಹಿಂಬಾಲಿಸಿ ಅವರ ಮಿದುಳು ಹೇಗೆ ಮಾಗುತ್ತದೆ ಎಂದು ನೋಡುತ್ತಿದ್ದಾರೆ. ಅಪ್ಪನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಅವನಿಗೂ ಅರವತ್ತು, ಫೋನ್ ಮಾಡಿದಾಗ ಈ ಮಾತು ಬಂತು. ಅಪ್ಪ ಗಾಬರಿಯಾಗಿ, "ನೀವು ಯಾರೂ ಕಮ್ಮಿ ತೆಗೀಬೇಡ್ರೋ, ನನ್ನ ಮರ್ಯಾದೆ ಹೋಗುತ್ತೆ" ಅಂದರು. ಆ ಕಡೆಯ ಎಲ್ಲರ ಹಾಗೆ ಅಪ್ಪನಿಗೂ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಎರಡು ಭಾಷೆ ಆಡುವವರಿಗೆ ಡಿಮೆನ್ಷಿಯಾ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬರುತ್ತದೆ ಎಂದು ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದಿದ್ದಾರೆ. ನಾನು ಉತ್ಸಾಹದಿಂದ ಅಮ್ಮನಿಗೆ ಹೇಳಿದರೆ, "ಆಡಿದರೆ ತಾನೆ? ಇವರು ಎರಡು ಭಾಷೇಲೂ ಸುಮ್ಮನೇ ಕೂತಿರೋರು" ಎಂದುಬಿಟ್ಟಳು.

ಎರಡನೇ ವರ್ಷ, 2023. ಪರೀಕ್ಷೆಯ ಹಿಂದಿನ ದಿನ ಅಪ್ಪ ವಿಚಿತ್ರವಾಗಿ ಶಾಂತವಾಗಿದ್ದರು. ಬೆಳಿಗ್ಗೆ ಜುಬ್ಬ ಬೇಡ, ಜೇಬಿರುವ ಶರ್ಟೇ ಬೇಕು ಅಂದರು. ಐದು ಪದಗಳ ಸರದಿ ಬಂದಾಗ ಕೈ ಜೇಬಿಗೆ ಹೋಯಿತು. ಬಸ್ ಟಿಕೆಟ್ಟಿನಷ್ಟು ಅಗಲದ ಚೀಟಿ. ಎಷ್ಟು ಪರೀಕ್ಷಾ ಕೊಠಡಿಗಳಲ್ಲಿ, ಎಷ್ಟು ಹುಡುಗರ ಕಾಲರಿನಿಂದ, ಸಾಕ್ಸಿನಿಂದ, ಜಾಮಿಟ್ರಿ ಬಾಕ್ಸಿನಿಂದ ಇಂಥ ಚೀಟಿಗಳನ್ನು ಎಳೆದು ತೆಗೆದಿದ್ದ ಕೈ ಅದು! ಹುಡುಗಿ ನೋಡಿಯೂ ನೋಡದ ಹಾಗೆ ಕಿಟಕಿಯ ಕಡೆ ತಿರುಗಿದಳು. ಅಪ್ಪ ಗಂಟಲು ಸರಿಮಾಡಿಕೊಂಡು, "ಮುಖ, ರೇಷ್ಮೆ, ಗುಡಿ, ಮಲ್ಲಿಗೆ, ಕೆಂಪು" ಎಂದು ಓದಿದರು.

ಈ ಸಲದ ಪದಗಳು ಬೇರೆಯಾಗಿದ್ದವು. ವರ್ಷವರ್ಷ ಅದೇ ಪ್ರಶ್ನೆ ಕೇಳಿದರೆ ರೂಢಿಯಿಂದಲೇ ಅಂಕ ಬಂದುಬಿಡುತ್ತದೆ ಎಂದು ಈ ಪರೀಕ್ಷೆಗೆ ಬೇರೆ ಬೇರೆ ಪತ್ರಿಕೆಗಳನ್ನು ಮಾಡಿಟ್ಟಿರುತ್ತಾರೆ. ಅಪ್ಪ ತಂದಿದ್ದು ಹೋದ ವರ್ಷದ ಪೇಪರಿನ ಚೀಟಿ.

ಮನೆಗೆ ಬಂದ ಮೇಲೆ ಆ ಚೀಟಿ ನೋಡಿದೆ. ಅಕ್ಷರ ಅಪ್ಪನದಲ್ಲ. ಮೂರು ಪದ ಅವರಿಗೆ ಪರೀಕ್ಷೆಯ ದಿನವೇ ನೆನಪಿಗೆ ಬಂದಿರಲಿಲ್ಲ. ಒಂದು ವರ್ಷ ಕಳೆದ ಮೇಲೆ ಐದೂ ಎಲ್ಲಿಂದ ಬರಬೇಕು? ಏಳನೇ ಕ್ಲಾಸಿನ ಆ ಓರೆ ಅಕ್ಷರ, ದಿನಸಿ ಪಟ್ಟಿಯಲ್ಲಿ ತೊಗರಿಬೇಳೆಯ ಮೇಲೂ ಹುಣಿಸೆಹಣ್ಣಿನ ಮೇಲೂ ನಾನು ದಿನಾ ನೋಡುವಂಥದ್ದು. ಅಮ್ಮನನ್ನು ಕೇಳಿದರೆ, "ಪಾಪ, ಕೇಳಿದರು, ಬರೆದುಕೊಟ್ಟೆ. ಏನೀಗ?" ಅಂದಳು.

ಚೀಟಿಗೆ ನಕ್ಕ ನಾನು ಗಡಿಯಾರಕ್ಕೆ ನಗಲಿಲ್ಲ. ಅದೇ ದಿನ ಹುಡುಗಿ ಬಿಳಿ ಹಾಳೆ ಕೊಟ್ಟು ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದಳು. ಅಪ್ಪ ಪೆನ್ಸಿಲ್ ಹಿಡಿದು ಒಂದೇ ಸಲಕ್ಕೆ ವೃತ್ತ ಎಳೆದರು. ಕೈವಾರವಿಲ್ಲದೆ ದುಂಡಗೆ ವೃತ್ತ ಎಳೆಯುವುದಕ್ಕೆ ಅವರು ಮೂರು ತಾಲ್ಲೂಕಿನಲ್ಲಿ ಹೆಸರಾದವರು. ಹೊಸ ಇನ್ಸ್‌ಪೆಕ್ಟರು ಬಂದಾಗ ಹೆಡ್‌ಮಾಸ್ಟರು ಕರೆಸಿ ಮಾಡಿಸುತ್ತಿದ್ದ ಐಟಂ ಅದು. ಕೇಂದ್ರಬಿಂದು ಇಟ್ಟರು. 12, 6, 3, 9. ನಡುವೆ ಉಳಿದವು, ಅಳೆದ ಹಾಗೆ. ಚಿಕ್ಕ ಮುಳ್ಳು ಹನ್ನೊಂದಕ್ಕೆ ಹೋಯಿತು. ದೊಡ್ಡ ಮುಳ್ಳನ್ನು ಎಳೆದು 10ರ ಮೇಲೆ ನಿಲ್ಲಿಸಿದರು.

ಹತ್ತು ನಿಮಿಷ ಎಂದರೆ ಮುಳ್ಳು 2ರ ಮೇಲಿರಬೇಕು. 'ಹತ್ತು' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಕಣ್ಣೆದುರಿನ 10 ಎಳೆದುಕೊಳ್ಳುತ್ತದೆ, ಆ ಎಳೆತವನ್ನು ತಡೆದು ನಿಲ್ಲಿಸುವ ಶಕ್ತಿಯನ್ನೇ ಈ ಪ್ರಶ್ನೆ ಅಳೆಯುವುದು ಎಂದು ಆಮೇಲೆ ಡಾಕ್ಟರು ತಿಳಿಸಿ ಹೇಳಿದರು. ಅದು ಹಾಗಿರಲಿ. ನಾನು ನೋಡುತ್ತಿದ್ದದ್ದು ಅಪ್ಪನ ಮುಖ. ಅವರು ಹಾಳೆಯನ್ನು ಕೊಡಲಿಲ್ಲ. ಕೈಯಲ್ಲೇ ಹಿಡಿದು ಸ್ವಲ್ಪ ದೂರ ಮಾಡಿ ನೋಡಿದರು, ಹತ್ತಿರ ತಂದು ನೋಡಿದರು. ಸಾವಿರಾರು ಉತ್ತರಪತ್ರಿಕೆ ತಿದ್ದಿದ ಕಣ್ಣಿಗೆ ಇಲ್ಲೊಂದು ತಪ್ಪಿದೆ ಎಂದು ಗೊತ್ತಾಗಿತ್ತು. ಯಾವುದು ಎಂದು ಗೊತ್ತಾಗಲಿಲ್ಲ. ಪೆನ್ಸಿಲಿನ ತುದಿ ಒಂದೊಂದೇ ಅಂಕಿಯ ಮೇಲೆ ನಿಂತು ನಿಂತು ಸುತ್ತು ಬಂತು. ಕೊನೆಗೆ 4 ಸ್ವಲ್ಪ ಮಾಸಿದೆ ಅನ್ನಿಸಿತೇನೋ, ಅದನ್ನು ಅಳಿಸಿ ಇನ್ನೊಂದು 4 ಬರೆದು ಹಾಳೆ ಕೊಟ್ಟರು.

ಆ ಸಲ ಎಂಎಂಎಸ್‌ಇಯಲ್ಲಿ 25. "ಒಂದು ಸಲದ ನಂಬರು ಮುಖ್ಯ ಅಲ್ಲ, ವರ್ಷವರ್ಷ ಹೇಗೆ ಇಳಿಯುತ್ತೆ ಅನ್ನೋದು ಮುಖ್ಯ" ಅಂದರು ಡಾಕ್ಟರು. ಅಪ್ಪ ಹುಷಾರಾಗಿ ಎದ್ದು ಕೂತರು. "ಅಂದರೆ ಸ್ಲೋಪ್. ಹೋದ ವರ್ಷ 26, ಈ ವರ್ಷ 25. ಸ್ಲೋಪ್ ಮೈನಸ್ ಒಂದು. ಸೊನ್ನೆಗೆ ಬರೋದಕ್ಕೆ ಇನ್ನು 25 ವರ್ಷ. ಆಗ ನನಗೆ 107. ಸಾಕು ಬಿಡಿ" ಎಂದು ಎದ್ದರು. ಲೆಕ್ಕ ಸರಿಯಾಗಿತ್ತು. ರೇಖೆ ಸರಳರೇಖೆಯಾಗಿರಬೇಕಿತ್ತು, ಅಷ್ಟೆ. ಆ ವರ್ಷದ ವಾಕ್ಯ: 'ನನ್ನ ಮಗ ಕಾರು ಎಲ್ಲಿ ನಿಲ್ಲಿಸಿದ್ದೇನೆಂದು ಮರೆಯುತ್ತಾನೆ.' ಅದೂ ನಿಜ. ಬೇಸ್‌ಮೆಂಟಿನ ಎರಡು ಅಂತಸ್ತನ್ನೂ ಅವತ್ತು ನಾವು ಮೂವರೂ ಸುತ್ತಿದ್ದೆವು. ಅದಾದ ಮೇಲೆ ನಾನು ಕಾಯುವ ಬೆಂಚಿನಲ್ಲಿ ಕೂತಾಗಲೆಲ್ಲ ಮನಸ್ಸಿನಲ್ಲೇ ನೂರರಿಂದ ಏಳು ಕಳೆಯುತ್ತಿರುತ್ತೇನೆ. ಕಳೆದ ಸಲ 72 ಆದಮೇಲೆ 64 ಅಂದುಬಿಟ್ಟು, ಯಾರಾದರೂ ಕೇಳಿಸಿಕೊಂಡರೋ ಎಂದು ಆಚೀಚೆ ನೋಡಿದೆ.

ಮೂರನೇ ವರ್ಷ ನಮಗೆ ಸಿಕ್ಕ ದಿನ 2024ರ ಸೆಪ್ಟೆಂಬರ್ 28. ಪಿತೃಪಕ್ಷದಲ್ಲಿ ಹೊಸದೇನೂ ಶುರುಮಾಡಬಾರದು ಎಂದು ಅಮ್ಮ ರಾಗ ತೆಗೆದಳು. "ಮರೆವು ಹೊಸದಲ್ಲವಲ್ಲಮ್ಮ" ಎಂದು ಹೊರಡಿಸಿದೆ. ಹುಡುಗಿ ಮೊದಲ ಪ್ರಶ್ನೆ ಕೇಳಿದಳು: "ಸಾರ್, ಇದು ಯಾವ ವರ್ಷ?"

ಅಪ್ಪ ಉತ್ತರ ಹೇಳಲಿಲ್ಲ. ನಿಧಾನವಾಗಿ ಕತ್ತು ತಿರುಗಿಸಿ ಅಮ್ಮನನ್ನು ನೋಡಿದರು.

"ಅಜ್ಜಿ, ನೀವು ಹೇಳಬಾರದು" ಅಂದಳು ಹುಡುಗಿ. ಅಮ್ಮ ತುಟಿ ಬಿಗಿದು ಕೂತಳು. ಯಾವ ತಿಂಗಳು? ಅಪ್ಪ ಅಮ್ಮನನ್ನು ನೋಡಿದರು. ಇವತ್ತು ಯಾವ ವಾರ? ಅಮ್ಮನನ್ನು ನೋಡಿದರು. ಯಾವ ಕಾಲ, ಮಳೆಗಾಲವೋ ಚಳಿಗಾಲವೋ? ಅಮ್ಮನಿಗೆ ಇನ್ನು ತಡೆಯಲಾಗಲಿಲ್ಲ. "ಕ್ರೋಧಿ!" ಅಂದಳು.

"ಯಾರಿಗೆ ಕೋಪ, ಅಜ್ಜಿ?"

"ಕೋಪ ಅಲ್ಲಮ್ಮ, ವರ್ಷ ಕೇಳಿದೆಯಲ್ಲ. ಕ್ರೋಧಿ ಸಂವತ್ಸರ, ದಕ್ಷಿಣಾಯನ, ವರ್ಷ ಋತು, ಭಾದ್ರಪದ ಮಾಸ, ಕೃಷ್ಣಪಕ್ಷ, ಏಕಾದಶಿ, ಶನಿವಾರ. ಹಸ್ತಾ ಮಳೆ. ಬೆಳಗಿನಿಂದ ಬರೀ ನೀರು ಕುಡಿದಿದೀನಿ. ಬೇಗ ಬಿಡು."

ಹುಡುಗಿ ಪೆನ್ನು ಹಿಡಿದುಕೊಂಡು ಹಾಗೇ ಕೂತಳು. ಉತ್ತರ ಸರಿಯೋ ತಪ್ಪೋ ಎಂದು ಅವಳ ಕೀ ಆನ್ಸರಿನಲ್ಲಿ ಇರಲಿಲ್ಲ.

ಡಾಕ್ಟರು ಅಮ್ಮನನ್ನು ಪಕ್ಕದ ರೂಮಿಗೆ ಕರೆದು, ಮೆಲ್ಲಗೆ ವಿಚಾರಿಸಿದರು. ಪ್ರಶ್ನೆ ಕೇಳಿದಾಗಲೆಲ್ಲ ಜೊತೆಗಿದ್ದವರ ಕಡೆ ತಲೆ ತಿರುಗಿಸುವುದೂ ಈ ಕಾಯಿಲೆಯ ಒಂದು ಲಕ್ಷಣವಂತೆ. ಬಲ್ಲವರು ಅದನ್ನೂ ಬರೆದಿಟ್ಟುಕೊಳ್ಳುತ್ತಾರಂತೆ. "ಮನೇಲೂ ಹೀಗೆ ತಲೆ ತಿರುಗಿಸ್ತಾರಾ?" ಎಂದು ಕೇಳಿದರು. "ಅಯ್ಯೋ, ತಲೆ ಗಿಲೆ ಏನೂ ತಿರುಗಲ್ಲ. ತಿರುಗಿದರೆ ಶುಂಠಿ ಕಷಾಯ ಕೊಡ್ತೀನಿ" ಅಂದಳು ಅಮ್ಮ.

ನಾನು ಡಾಕ್ಟರಿಗೆ ಏನೋ ಹೇಳಲು ಹೊರಟು ಸುಮ್ಮನಾದೆ. ಹೇಳಬೇಕೆಂದಿದ್ದದ್ದು ಇದು. ನಮ್ಮಪ್ಪ ದಿನಾ ಬೆಳಿಗ್ಗೆ ಸಂಧ್ಯಾವಂದನೆಗೆ ಕೂರುತ್ತಾರೆ. ಅದರಲ್ಲಿ ಸಂಕಲ್ಪ ಎಂಬುದೊಂದಿದೆ. ಜಂಬೂದ್ವೀಪದ ಭರತಖಂಡದಲ್ಲಿ, ಗೋದಾವರಿಯ ದಕ್ಷಿಣಕ್ಕೆ, ಇಂಥ ಸಂವತ್ಸರದ ಇಂಥ ಋತುವಿನ ಇಂಥ ಮಾಸದ ಇಂಥ ತಿಥಿಯಂದು, ಇಂಥ ವಾರದಂದು ಕೂತಿದ್ದೇನೆ ಎಂದು ಹೇಳಿಕೊಳ್ಳುವುದು. ಫೋಲ್‌ಸ್ಟೀನ್ ದಂಪತಿಯ ಪತ್ರಿಕೆಯಲ್ಲೂ ಮೊದಲ ಹತ್ತು ಅಂಕ ಇದಕ್ಕೇ: ಐದು ಕಾಲಕ್ಕೆ, ಐದು ದೇಶಕ್ಕೆ. ಅವರು 1975ರಲ್ಲಿ ಕೇಳಿದ್ದನ್ನು ನಮ್ಮ ಹಿರಿಯರು ತಮ್ಮನ್ನು ತಾವೇ ದಿನಕ್ಕೆರಡು ಸಲ ಕೇಳಿಕೊಳ್ಳುತ್ತಿದ್ದರು ಅನ್ನಬೇಕು. ಅಂದಮೇಲೆ ಅಪ್ಪನಿಗೆ ಉತ್ತರ ಬರಬೇಕಿತ್ತಲ್ಲ? ಸಂಗತಿ ಏನೆಂದರೆ, ಸಂಕಲ್ಪದಲ್ಲಿ ಜಂಬೂದ್ವೀಪ ಬದಲಾಗುವುದಿಲ್ಲ, ತಿಥಿ ದಿನಾ ಬದಲಾಗುತ್ತದೆ. ನನಗೆ ನೆನಪಿದ್ದಾಗಿನಿಂದ ಅಪ್ಪ ಆ ಜಾಗಕ್ಕೆ ಬಂದಾಗ ನಿಲ್ಲಿಸಿ, ಅಡುಗೆಮನೆಯ ಕಡೆ ಕತ್ತು ತಿರುಗಿಸುತ್ತಿದ್ದರು. ಒಳಗಿನಿಂದ ಅಮ್ಮ, ಒಗ್ಗರಣೆಯ ಸದ್ದಿನ ಮೇಲೆ, "ತದಿಗೆ!" ಅನ್ನುತ್ತಿದ್ದಳು. ಅಪ್ಪ ಅದನ್ನು ಸಂಸ್ಕೃತ ಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಕನ್ನಡಕ, ಪೆನ್ಷನ್ ಪುಸ್ತಕ, ತಂಗಿಯ ಗಂಡನ ಹೆಸರು, ನನ್ನ ಹುಟ್ಟಿದ ದಿನ, ಎಲ್ಲವನ್ನೂ ಅಪ್ಪ ಹೀಗೆ ಕತ್ತು ತಿರುಗಿಸಿಯೇ ಪಡೆದವರು. ನಲವತ್ತರಲ್ಲೂ ಹಾಗೇ, ಐವತ್ತರಲ್ಲೂ ಹಾಗೇ. ಆಗ ನಾವು ಅದನ್ನು ಸಂಸಾರ ಅನ್ನುತ್ತಿದ್ದೆವು. ಈಗ ಅದಕ್ಕೊಂದು ಅಂಕ ಕಳೆಯುತ್ತಾರೆ. ಎರಡು ತಲೆ ಸೇರಿ ನಡೆಸಿದ ವ್ಯವಹಾರದಲ್ಲಿ ಒಂದು ತಲೆಯನ್ನು ಮಾತ್ರ ಕೂರಿಸಿ ಲೆಕ್ಕ ಕೇಳಿದರೆ ಖಾತೆಯಲ್ಲಿ ಕೊರತೆ ಕಾಣದೆ ಇನ್ನೇನಾದೀತು? ಆದರೂ ಡಾಕ್ಟರು ಹೇಳಿದ್ದು ತಪ್ಪಲ್ಲ. ಮುಂಚೆ ಅಪ್ಪ ತಿರುಗುತ್ತಿದ್ದದ್ದು ಅಮ್ಮನಿಗೆ ಗೊತ್ತಿರುತ್ತದೆ ಎಂಬ ಧೈರ್ಯದಿಂದ. ಅವತ್ತು ತಿರುಗಿದಾಗ ಅವರ ಕಣ್ಣಿನಲ್ಲಿದ್ದದ್ದು ಧೈರ್ಯವಲ್ಲ.

ಅಮ್ಮನನ್ನು ಹೊರಗೆ ಕೂರಿಸಿ ಮತ್ತೆ ಮಾಡಿದರು. 22. ನೂರರಿಂದ ಏಳು ಕಳೆಯುವಾಗ 93, 86 ಆಗಿ, ಮತ್ತೆ 93ಕ್ಕೆ ಹೋದರು. ವಾಕ್ಯದ ಜಾಗದಲ್ಲಿ ಬರೆದದ್ದು: 'ನಮ್ಮಾಕೆ ಹೊರಗೆ ಕೂತಿದ್ದಾಳೆ.' ಕರ್ತೃ ಇದೆ, ಕ್ರಿಯಾಪದ ಇದೆ, ಅರ್ಥ ಇದೆ. ಪೂರ್ತಿ ಅಂಕ.

2025ರಲ್ಲಿ 18. ಆ ಸಲದ ವಿವರ ಹೆಚ್ಚಿಗೆ ಬೇಡ. ಘೇಂಡಾಮೃಗದ ಚಿತ್ರ ನೋಡಿ "ಕೊಂಬಿದೆ" ಅಂದರು. ವೃತ್ತ ಮಾತ್ರ ಆಗಲೂ ದುಂಡಗಿತ್ತು. ಒಳಗೆ ಅಂಕಿಗಳೆಲ್ಲ ಬಲಗಡೆಗೆ ಸೇರಿ, ಬೆಂಚಿನ ಒಂದು ತುದಿಯಲ್ಲಿ ಒತ್ತೊತ್ತಿ ಕೂತ ಹುಡುಗರ ಹಾಗಿದ್ದವು. ವಾಕ್ಯ ಎರಡೇ ಪದ: 'ಗಂಟೆ ಹೊಡೆದಿಲ್ಲ.'

ಈಗ ಅಪ್ಪ ನನ್ನನ್ನು ಕೆಲವು ದಿನ ಹೆಡ್‌ಮಾಸ್ಟರು ಅಂದುಕೊಂಡು ಎದ್ದು ನಿಲ್ಲುತ್ತಾರೆ. ಸೊಪ್ಪಿನವಳನ್ನು ಮಾತ್ರ ಗುರುತು ಹಿಡಿಯುತ್ತಾರೆ. ಸಂಧ್ಯಾವಂದನೆ ಬಿಟ್ಟಿಲ್ಲ. ಅದು ನಾಲಿಗೆಯ ನೆನಪು, ತಲೆಯದಲ್ಲ, ಕೊನೆಗೆ ಹೋಗುವುದು ಅದೇ ಎಂದು ಡಾಕ್ಟರು ಹೇಳಿದ್ದಾರೆ.

ಮೊನ್ನೆ ಬೆಳಿಗ್ಗೆ ಹಾಲಿನಲ್ಲಿ ಪೇಪರ್ ಓದುತ್ತಾ ಕೂತಿದ್ದೆ. ಅಪ್ಪ ಮಣೆಯ ಮೇಲೆ ಕೂತು ಜಂಬೂದ್ವೀಪ ದಾಟಿ, ಗೋದಾವರಿ ದಾಟಿ, ತಿಥಿಯ ಹತ್ತಿರ ಬಂದು ನಿಂತರು. ಕತ್ತು ಅಡುಗೆಮನೆಯ ಕಡೆ ತಿರುಗಿತು.

"ದಶಮಿ" ಅಂದಳು ಅಮ್ಮ ಒಳಗಿನಿಂದ.

"ದಶಮ್ಯಾಂ" ಎಂದು ಅಪ್ಪ ಮುಂದೆ ಹೋದರು.

ನಾನು ಸುಮ್ಮನೆ ತಲೆ ಎತ್ತಿ ಗೋಡೆಯ ಕ್ಯಾಲೆಂಡರ್ ನೋಡಿದೆ. ಏಕಾದಶಿ ಎಂದಿತ್ತು. ಕೆಲವು ಸಲ ಸ್ಮಾರ್ತರಿಗೊಂದು ದಿನ, ವೈಷ್ಣವರಿಗೊಂದು ದಿನ ಬರುವುದುಂಟಲ್ಲ ಎಂದು ಫೋನಿನಲ್ಲಿ ಹುಡುಕಿದೆ. ಏಕಾದಶಿ. ಎದುರು ಮನೆಯವರ ಪಂಚಾಂಗ ಕೇಳಿ ತಂದು ನೋಡಿದೆ. ಅದರಲ್ಲೂ ಏಕಾದಶಿ.

ಮದುವೆಯಾಗಿ ಬಂದಾಗಿನಿಂದ ಏಕಾದಶಿಯ ದಿನ ಒಂದಗುಳು ಅನ್ನ ಮುಟ್ಟಿದವಳಲ್ಲ ಅಮ್ಮ. ಒಳಗೆ ಕುಕ್ಕರ್ ಮೂರನೇ ಸಲ ಕೂಗಿತು. "ಏಳೋ, ಅನ್ನ ಆರುತ್ತೆ. ಇವತ್ತು ನಾನೂ ನಿಮ್ಮ ಜೊತೇನೇ ಕೂರ್ತೀನಿ, ಹಸಿವಾಗಿದೆ" ಅಂದಳು.

ನಾನು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು ಬೀರುವಿನ ಮೇಲೆ ಬೋರಲು ಹಾಕಿ, ತಟ್ಟೆಯ ಮುಂದೆ ಕೂತೆ. ಸಾರಿಗೆ ಉಪ್ಪು ಹದವಾಗಿತ್ತು. ಹಾಗಂತ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದೆ.